ಎದೆ ಎತ್ತಿ ಹೊಲಿಸಿಕೊಂಡ ವರ್ಷ

ಇಪ್ಪತ್ತಮೂರು ತುಂಬುವುದರೊಳಗೆ ನನ್ನ ಎದೆ ಹೊಕ್ಕಳ ಹತ್ತಿರಕ್ಕೆ ಬಂದಿತ್ತು. ಇದನ್ನು ಬರೆಯಲು ನಾಚಿಕೆಯಾಗಬೇಕು, ಆದರೆ ಈ ವಯಸ್ಸಿನಲ್ಲಿ ನಾಚಿಕೆ ಇಟ್ಟುಕೊಂಡು ನಾನೇನು ಮಾಡಲಿ? ಇಬ್ಬರು ಹೆಣ್ಣುಮಕ್ಕಳಿಗೆ ಹಾಲೂಡಿಸಿದ ಮೇಲೆ ಜೋತುಬಿದ್ದ ಭಾರ ಅದು. ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಹುಣ್ಣಾಗುತ್ತಿತ್ತು. ಬೇಸಿಗೆಯಲ್ಲಿ ಕೀವು ತುಂಬಿ ವಾಸನೆ ಬರುತ್ತಿತ್ತು. ರಾಗಿ ಬೀಸುವಾಗ ಒಂದು ಕೈ ಕಲ್ಲಿನ ಗೂಟಕ್ಕೆ, ಇನ್ನೊಂದು ಕೈ ಎದೆ ಎತ್ತಿ ಹಿಡಿಯುವುದಕ್ಕೆ. ಅರಿಶಿನ, ಬೇವು, ಕೊಬ್ಬರಿ ಎಣ್ಣೆ ಎಲ್ಲ ಆಯಿತು. ಕೊನೆಗೆ ಜ್ವರ ಬಂದು ಮಲಗಿದೆ.

ನಮ್ಮೂರು ಮುಳಬಾಗಿಲಿನಿಂದ ಕುರುಡುಮಲೆಗೆ ಹೋಗುವ ದಾರಿಯಲ್ಲಿದೆ. ಯುದ್ಧದ ಕಾಲ, ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದವು. ಅಂಥ ಒಂದು ಬಸ್ಸಿನಲ್ಲಿ ನನ್ನ ಅತ್ತೆ, ಅಂದರೆ ಗಂಡನ ತಾಯಿ, ನನ್ನನ್ನು ಕೋಲಾರದ ಹೆಂಗಸರ ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಲ್ಲಿದ್ದವರು ಒಬ್ಬ ಬಿಳಿ ಡಾಕ್ಟರಮ್ಮ. ಅವರಿಗೆ ಕನ್ನಡಕ್ಕಿಂತ ತೆಲುಗು ಚೆನ್ನಾಗಿ ಬರುತ್ತಿತ್ತು. ಹುಣ್ಣು ನೋಡಿ, ಮುಲಾಮಿನಿಂದ ಇದು ಹೋಗದು, ಮಡಿಕೆಯೇ ಹೋಗಬೇಕು ಎಂದರು. ಹೆಚ್ಚಾದ ಚರ್ಮ ಕತ್ತರಿಸಿ, ಉಳಿದದ್ದನ್ನು ಎತ್ತಿ ಹೊಲಿಯುತ್ತಾರಂತೆ, ತೊಟ್ಟನ್ನೂ ಮೇಲಕ್ಕೆ ಸರಿಸುತ್ತಾರಂತೆ. ಒಳಗಿನ ಮಾಂಸವನ್ನು ಹೆಚ್ಚು ತೆಗೆಯುವುದಿಲ್ಲ, ಭಾರ ಸುಮಾರು ಅಷ್ಟೇ ಉಳಿಯುತ್ತದೆ, ನೋಡುವ ಕಣ್ಣಿಗೆ ಮಾತ್ರ ಚಿಕ್ಕದಾಗಿ ಕಾಣುತ್ತದೆ ಎಂದು ವಿವರಿಸಿದರು.

ಅತ್ತೆ ಕೊಳಾಯಿಯ ಹತ್ತಿರ ನೀರು ಕುಡಿಯಲು ಹೋದಾಗ ಡಾಕ್ಟರಮ್ಮ ದನಿ ತಗ್ಗಿಸಿದರು. ಹಾಲು ಬರುವ ದಾರಿ ಅಲ್ಲಿಯೇ ಹಾದುಹೋಗುತ್ತದೆ, ಮುಂದಿನ ಮಗುವಿಗೆ ಹಾಲು ಬಂದರೆ ಬಂತು, ಬರದಿದ್ದರೆ ಇಲ್ಲ. ಒಮ್ಮೊಮ್ಮೆ ತೊಟ್ಟೇ ಕಪ್ಪಾಗಿ ಸತ್ತುಹೋಗುವುದೂ ಉಂಟು. ಮನೆಯವರ ಜೊತೆ ಮಾತಾಡಿ ಬಾ ಎಂದರು.

ನಾನು ಮಾತಾಡಲಿಲ್ಲ. ಗಂಡುಮಗು ಬೇಕೆಂದು ಕಾಯುತ್ತಿದ್ದ ಮನೆಯಲ್ಲಿ ಆ ಮಾತು ಎತ್ತಿದರೆ ಆಪರೇಷನ್ನಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ನನಗೆ ಆ ಹುಣ್ಣಿನ ಜೊತೆ ಇನ್ನೊಂದು ಬೇಸಿಗೆ ಕಳೆಯುವ ಶಕ್ತಿ ಇರಲಿಲ್ಲ. "ಹಾಲಿಗೇನೂ ತೊಂದ್ರೆ ಇಲ್ವಂತೆ ಅತ್ತೆ" ಎಂದುಬಿಟ್ಟೆ. ಹೇಳಿದ ಕ್ಷಣದಿಂದ ಭಯ ಶುರುವಾಯಿತು.

ಅತ್ತೆಗೂ ಒಂದು ಅನುಮಾನವಿತ್ತು, ಆದರೆ ಬೇರೆ ಥರದ್ದು. "ನಿದ್ದೆ ಬರ್ಸಿ ಮಾಂಸ ಕೊಯ್ಕೊಂಡು, ಏನೂ ತೆಗೀಲಿಲ್ಲ ಅಂದ್ಬಿಟ್ರೆ ನಾವೇನು ಮಾಡಕ್ಕಾಗ್ತೈತೆ?" ಎಂದರು. ಮನೆಯಲ್ಲಿ ಕಾಳು, ಹಿಟ್ಟು, ಎಣ್ಣೆ ಎಲ್ಲವನ್ನೂ ಅಳೆದೇ ಕೊಡುವ ಹೆಂಗಸು. ಆಸ್ಪತ್ರೆಗೆ ಸೇರುವ ಹಿಂದಿನ ದಿನ ಹರಿವಾಣದ ನಡುವೆ ಹಿತ್ತಾಳೆ ಬೋಗುಣಿ ಇಟ್ಟು, ಅಂಚಿನವರೆಗೆ ನೀರು ತುಂಬಿ, ಬಚ್ಚಲುಮನೆಯಲ್ಲಿ ನನ್ನನ್ನು ಬಗ್ಗಿಸಿದರು. ಒಂದೊಂದೇ ಎದೆಯನ್ನು ಅದ್ದಿಸಿ, ಹರಿವಾಣಕ್ಕೆ ಚೆಲ್ಲಿದ ನೀರನ್ನು ಪಾವಿನಲ್ಲಿ ಅಳೆದರು. ಅಳತೆಯ ಗುರುತಿಗೆ ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಎಳೆದರು. ನಗು ಬರಬೇಕಾದ ಹೊತ್ತು, ನನ್ನ ತಲೆಯಲ್ಲಿ ಹಾಲಿನ ಚಿಂತೆ.

ಆಪರೇಷನ್ನಿನ ದಿನ ಡಾಕ್ಟರಮ್ಮ ನನ್ನನ್ನು ನಿಲ್ಲಿಸಿಯೇ ಎದೆಯ ಮೇಲೆ ನೇರಳೆ ಮಸಿಯಿಂದ ಗೆರೆ ಎಳೆದರು. ತೊಟ್ಟು ಎಲ್ಲಿಗೆ ಬರಬೇಕೋ ಅಲ್ಲೊಂದು ಸುತ್ತು ಬರೆದರು. ಅಷ್ಟು ಮೇಲಕ್ಕೆ! ಕಿತ್ತು ನೆಡುತ್ತಾರೆಯೇ ಎಂದು ಸೆರಗನ್ನು ಎದೆಗೆ ಎಳೆದುಕೊಂಡೆ. "ಭಯಪಡಕು ಅಮ್ಮಾ" ಎಂದು ತೆಲುಗಿನಲ್ಲಿ ಸಮಾಧಾನ ಹೇಳಿದರು. ಹೆದರಬೇಡ ಅಂದರೆ ಹೆದರಿಕೆ ಹೋಗುತ್ತದೆಯೇ? ಕ್ಲೋರೋಫಾರಂ ಸಿಹಿವಾಸನೆ ಮೂಗಿಗೆ ಬಂದದ್ದಷ್ಟೇ ನೆನಪು.

ನಾಲ್ಕು ದಿನ ಎದೆಗೆ ಬಿಗಿಯಾಗಿ ಬಟ್ಟೆ ಸುತ್ತಿದ್ದರು. ಯಾರೂ ನೋಡದಾಗ ಬೆರಳು ತೂರಿಸಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಬೆರಳಿಗೆ ಚರ್ಮ ತಗಲುತ್ತಿತ್ತು, ಚರ್ಮಕ್ಕೆ ಬೆರಳು ತಿಳಿಯುತ್ತಿರಲಿಲ್ಲ. ಐದನೇ ದಿನ ಬಿಚ್ಚಿದಾಗ ಎಡಗಡೆಯ ತೊಟ್ಟು ಎಂದಿನ ಕಂದುಬಣ್ಣದಲ್ಲೇ ಇತ್ತು. ಬಲಗಡೆಯ ತೊಟ್ಟು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ ಮತ್ತೆ ಕಟ್ಟಿದರು. ತೊಟ್ಟು ಸತ್ತೇ ಹೋಯಿತು ಅಂದುಕೊಂಡೆ. ದಿನಾ ಬಿಚ್ಚುವಾಗ ತೊಟ್ಟು ನೋಡುವ ಧೈರ್ಯವಿಲ್ಲದೆ ಅವರ ಹುಬ್ಬನ್ನೇ ನೋಡುತ್ತಿದ್ದೆ. ಹನ್ನೆರಡನೇ ದಿನ ಕಪ್ಪು ಹಕ್ಕಳೆ ಉದುರಿತು. ಅಡಿಯಲ್ಲಿ ಕೆಂಪಗೆ ಹೊಸ ಚರ್ಮ ಬಂದಿತ್ತು.

ಮನೆಗೆ ಬಂದ ಮೇಲೆ ನೋಡಿಕೊಂಡರೆ ಎದೆ ನನ್ನದಲ್ಲ ಅನ್ನಿಸಿತು. ತೀರಾ ಮೇಲೆ ಕೂತಿತ್ತು, ಕೆಳಭಾಗ ಚಪ್ಪಟೆ, ಹಳೆಯ ರವಿಕೆಯೊಳಗೆ ಅರ್ಧಕ್ಕರ್ಧ ಖಾಲಿ. ಗಾಯ ಪೂರ್ತಿ ಮಾಗಿದ ಮೇಲೆ ಅತ್ತೆ ಬೋಗುಣಿ ತಂದರು. ಗೋಡೆಯ ಗೀಟಿಗೆ ಹೋಲಿಸಿದರೆ ಅರ್ಧ ಪಾವು ಕೂಡ ಕಡಿಮೆಯಾಗಿರಲಿಲ್ಲ. "ಮೋಸ ಮಾಡಿಲ್ಲ ಬುಡು" ಎಂದು ನೀರು ಚೆಲ್ಲಿದರು. ಆರು ತಿಂಗಳಲ್ಲಿ ಎದೆ ತಾನಾಗಿ ಸ್ವಲ್ಪ ಇಳಿದು ಗುಂಡಗಾಯಿತು. ಬಲಗಡೆಯದು ತುಸು ಚಿಕ್ಕದು, ತೊಟ್ಟು ಪಕ್ಕಕ್ಕೆ ಎಳೆದಂತೆ ಉಳಿಯಿತು. ಹುಣ್ಣು ಮತ್ತೆ ಬರಲಿಲ್ಲ. ಎರಡು ಕೈಯಲ್ಲಿ ಗೂಟ ಹಿಡಿದು ರಾಗಿ ಬೀಸಿದೆ.

ಮರುವರ್ಷ ಬಸುರಾದೆ. ಮನೆಯವರೆಲ್ಲ ಹಿಗ್ಗಿದರು, ನನಗೆ ಅನ್ನ ಇಳಿಯಲಿಲ್ಲ. ಹಾಲಿಲ್ಲದೆ ಮಗು ಒಣಗಿಹೋದರೆ ಕೊಂದವಳು ನಾನೇ. ತಿಂಗಳು ಏರಿದಂತೆ ಎದೆ ತುಂಬಿತು, ಹೊಲಿಗೆಯ ಗೆರೆಗಳು ಹಿಗ್ಗಿ ಹೊಳೆದವು. ಒತ್ತಿ ನೋಡಿಕೊಂಡೆ. ಒಂದು ಹನಿ ಬರಲಿಲ್ಲ.

ಗಂಡುಮಗುವೇ ಹುಟ್ಟಿತು. ಮೂರನೇ ದಿನ ಬೆಳಗ್ಗೆ ಎರಡೂ ಎದೆ ಕಲ್ಲಾದವು. ಹಾಲು ಒಳಗಿತ್ತು, ದಾರಿ ಇರಲಿಲ್ಲ. ಮಗು ಬಾಯಿಟ್ಟು ಎಳೆದು, ಏನೂ ಸಿಗದೆ ಚೀರಿ, ದನಿ ಸಣ್ಣಗಾಗುತ್ತ ಬಂತು. ಇನ್ನು ತಡೆಯಲಾಗಲಿಲ್ಲ. "ಅತ್ತೆ, ಡಾಕ್ಟರಮ್ಮ ಆವತ್ತೇ ಹೇಳಿದ್ರು. ನಾನೇ ಸುಳ್ಳು ಹೇಳ್ದೆ" ಎಂದು ಕೈಮುಗಿದೆ. ಹೊಡೆಯುತ್ತಾರೆ, ತವರಿಗೆ ಅಟ್ಟುತ್ತಾರೆ ಎಂದೇ ಕಾದೆ.

ಅವರು ಮಗುವನ್ನು ನನ್ನ ಕೈಯಿಂದ ಎತ್ತಿಕೊಂಡರು. "ನಂಗೂ ಹೇಳಿದ್ರು ಕಣೇ ಆವಮ್ಮ. ನೀನು ರವಿಕೆ ತೊಟ್ಕೊತಾ ಇದ್ದೆ ಒಳಗೆ. ನಿಂಗೆ ಗೊತ್ತಾದ್ರೆ ಹೆದ್ರಿ ಒಲ್ಲೆ ಅಂತೀಯ ಅಂತ ಸುಮ್ಕಿದ್ದೆ. ಆ ಹುಣ್ಣಲ್ಲಿ ನೀನೇ ಉಳೀತಿರ್ಲಿಲ್ಲ."

ಪಕ್ಕದ ಬೀದಿಯಲ್ಲಿ ಹಾಲು ಕೊಡುವ ಮೇಕೆಯೊಂದನ್ನು ಅವರು ನಾನು ಬಸುರಾದಾಗಲೇ ಹೇಳಿಟ್ಟಿದ್ದರಂತೆ. ಆ ಹಾಲಿಗೆ ಕಾಯಿಸಿದ ನೀರು ಬೆರೆಸಿ, ಹತ್ತಿಯ ಬತ್ತಿ ಅದ್ದಿ ಮಗುವಿನ ಬಾಯಿಗೆ ಹಿಂಡಿದರು. ಮಗು ಚಪ್ಪರಿಸಿತು. ಎರಡು ವರ್ಷ ಒಂದೇ ಒಲೆಯ ಮುಂದೆ ಕೂತು ಇಬ್ಬರೂ ಬೇರೆ ಬೇರೆ ಹೆದರಿದ್ದೆವು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

"ಒಂದು ಮಾತು ಹೇಳ್ಬಾರ್ದಿತ್ತಾ ಅತ್ತೆ?"

ಅವರು ಬತ್ತಿಯನ್ನು ಮತ್ತೆ ಹಾಲಿಗೆ ಅದ್ದಿದರು. "ನೀನು ಹೇಳಿದ್ಯಾ?" ಎಂದರು.