ಅಬುಧಾಬಿಗೆ ಒಯ್ದ ತೆನೆ

ಬೆಳಿಗ್ಗೆ ದುಬೈಯಿಂದ ಅಬುಧಾಬಿಯ ಬಸ್ಸು ಹತ್ತಿದೆ. ಟಿಕೆಟ್ಟಿಗೆ ಇಪ್ಪತ್ತೈದು ದಿರ್ಹಮ್, ದಾರಿ ಸುಮಾರು ಎರಡು ಗಂಟೆ. ಚೀಲದಲ್ಲಿ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ, ಕರವಸ್ತ್ರದಲ್ಲಿ ಸುತ್ತಿದ ಒಂದು ತೆನೆ ಭತ್ತ ಇತ್ತು. ಮೊಣಕಾಲು ನೋಯುತ್ತಿತ್ತು. ಈ ವಯಸ್ಸಿನಲ್ಲಿ ಮೊಣಕಾಲು ನೋಯದೆ ಇನ್ನೇನು ಮಾಡುತ್ತದೆ?

ನಾನು ಮೂರನೇ ಕ್ಲಾಸು ಓದಿದವಳು. ಬೆಳ್ತಂಗಡಿ ಕಡೆಯ ನಮ್ಮ ಇಗರ್ಜಿಯಲ್ಲಿ ಪಾದ್ರಿಗಳಿಗೆ ಅಡುಗೆ ಮಾಡಿಕೊಂಡು ಮುದುಕಿಯಾದೆ. ಮದುವೆ ಆಗಲಿಲ್ಲ. ಹೋದ ವರ್ಷ ಹೊಸ ಪಾದ್ರಿಗಳು, ಇನ್ನು ವಿಶ್ರಾಂತಿ ತೆಗೆದುಕೊಳ್ಳಿ ಎಂದು ಮನೆಗೆ ಕಳಿಸಿದರು. ಅಂದಿನಿಂದ ಬೆಳಿಗ್ಗೆ ಏಳುವುದು ಯಾತಕ್ಕೆ ಎಂದೇ ತಿಳಿಯುತ್ತಿರಲಿಲ್ಲ.

ಮಾತೆ ಮರಿಯಮ್ಮನ ಹುಟ್ಟುಹಬ್ಬದಂದು ನಮ್ಮಲ್ಲಿ ತೆನೆ ಹಬ್ಬ. ಪಾದ್ರಿಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳು ಸುಲಿದು, ಪುಡಿ ಮಾಡಿ, ಪಾಯಸಕ್ಕೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಬಡಿಸಬೇಕು. ಆ ಹೊತ್ತಿಗೆ ಮನೆಯ ಮಾಡಿನ ಕೆಳಗೆ ಯಾರಿದ್ದರೂ ಅವರಿಗೂ ಪಾಲುಂಟು. ದೂರ ಇರುವವರಿಗೆ ಕಾಳನ್ನು ಅಂಚೆಯಲ್ಲಿ ಕಳಿಸುತ್ತೇವೆ. ತಂಗಿ ತೀರಿಕೊಂಡ ಮೇಲೆ ಅವಳ ಮಕ್ಕಳಿಗೆ ಕಳಿಸುವುದು ನನ್ನ ಕೆಲಸ. ಮೆಲ್ವಿನ್ ದುಬೈಯ ಅಲ್ ಬರ್ಷಾದಲ್ಲಿದ್ದಾನೆ. ಫ್ಲಾವಿಯಾ ಅಬುಧಾಬಿಯಲ್ಲಿ ನರ್ಸು.

ಈ ಸಲ ಫ್ಲಾವಿಯಾ ಫೋನಿನಲ್ಲಿ ಹೇಳಿದಳು: "ಮಾವ್ಶಿ, ನನಗೆ ಕಳಿಸಬೇಡಿ. ನನಗೀಗ ದೇವರೂ ಇಲ್ಲ, ಹಬ್ಬವೂ ಇಲ್ಲ." ಅವಳ ಗಂಡ ರೋನಿ ಹೋದ ವರ್ಷ ಕಾಯಿಲೆ ಬಿದ್ದು ಸತ್ತ. ಅವಳು ಮೊಣಕಾಲೂರಿ ಬೇಡಿದ್ದು ಯಾವುದೂ ನಡೆಯಲಿಲ್ಲ. ದೇವರ ಪರವಾಗಿ ವಾದ ಮಾಡಲು ನನಗೆ ಬರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಈವರೆಗೆ ಹೊಸ ಅಕ್ಕಿ ತಿನ್ನದೆ ಉಳಿದವರಿಲ್ಲ. ಮೆಲ್ವಿನ್ ವೀಸಾ ಕಳಿಸಿದಾಗ ಅವಳಿಗೆ ತಿನ್ನಿಸಲೆಂದೇ ವಿಮಾನ ಹತ್ತಿದೆ.

"ಅವಳು ಬೈತಾಳೆ, ಮಾವ್ಶಿ," ಎಂದ ಮೆಲ್ವಿನ್, ಬಸ್ಸಿಗೆ ಹತ್ತಿಸುವಾಗ.

"ಬೈಯಲಿ. ಕಿವಿ ಹೇಗೂ ಸರಿ ಕೇಳಿಸುವುದಿಲ್ಲ."

ಬಸ್ಸಿನ ಒಳಗೆ ಚಳಿ, ಹೊರಗೆ ಮರಳು. ರಸ್ತೆಯುದ್ದಕ್ಕೂ ಧೂಳು ಮೆತ್ತಿದ ಖರ್ಜೂರದ ಮರಗಳು. ನೋಡಲಿಕ್ಕೆ ಬೇರೇನೂ ಇರಲಿಲ್ಲ. ಪಕ್ಕದಲ್ಲಿ ಪುತ್ತೂರು ಕಡೆಯ ಬ್ಯಾರಿ ಹೆಂಗಸು. ನನ್ನ ಚೀಲಕ್ಕೆ ಇಣುಕಿದಳು.

"ಎಂತ ಅಜ್ಜಿ, ತೆನೆಯಾ? ಊರಿಂದ ಹೊತ್ತುಕೊಂಡು ಬಂದದ್ದಾ? ಇಲ್ಲಿ ಅಂಗಡಿಯಲ್ಲಿ ಅಕ್ಕಿ ಬೇಕಾದಷ್ಟು ಉಂಟಲ್ಲ!"

"ಅದು ಹೊಟ್ಟೆಗೆ. ಇದು ಬೇರೆ."

ಅವಳು ನಕ್ಕು ನಾಲ್ಕು ಖರ್ಜೂರ ಕೊಟ್ಟಳು. "ಬಸ್ಸಲ್ಲಿ ತಿನ್ಬೇಡಿ ಮಾರಾಯ್ತಿ, ಫೈನ್ ಹಾಕ್ತಾರೆ." ಹಸಿವಾಗಿತ್ತು. ಕೈಯಲ್ಲೇ ಹಿಡಿದು ಕುಳಿತೆ.

ಅಬುಧಾಬಿಯಲ್ಲಿ ಇಳಿದಾಗ ಒಲೆಯ ಬಾಯಿಗೆ ಮುಖ ಇಟ್ಟ ಹಾಗಾಯಿತು. ಟ್ಯಾಕ್ಸಿಯವನಿಗೆ ವಿಳಾಸದ ಚೀಟಿ ತೋರಿಸಿದೆ. ಫ್ಲಾವಿಯಾ ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದಳು. ಯೂನಿಫಾರ್ಮ್ ಕೂಡ ಬಿಚ್ಚಿರಲಿಲ್ಲ. ಕಣ್ಣು ಗುಳಿಬಿದ್ದಿತ್ತು.

"ಬೇಡ ಅಂದಿದ್ದೆ ಅಲ್ವಾ?"

"ಅಂದಿದ್ದೆ. ತೆಂಗಿನಕಾಯಿ ಒಡೆಯಲು ಕತ್ತಿ ಎಲ್ಲುಂಟು?"

"ಕತ್ತಿ ಇಲ್ಲ. ಇಲ್ಲಿ ಕಾಯಿಹಾಲು ಡಬ್ಬಿಯಲ್ಲಿ ಬರ್ತದೆ."

ಬಾಲ್ಕನಿಯ ಕಟ್ಟೆಗೆ ಹೊಡೆದು ಒಡೆದೆ. ನೆಲದಲ್ಲಿ ಕುಳಿತು ಉಗುರಿನಿಂದ ಕಾಳು ಸುಲಿದೆ. ಅವಳು ಕುರ್ಚಿಯಲ್ಲಿ ಕುಳಿತು ನೋಡಿದಳು.

"ವಾರ್ಡು, ಬಸ್ಸು, ನಿದ್ರೆ. ಮತ್ತೆ ವಾರ್ಡು. ರೋನಿ ಹೋದ ಮೇಲೆ ಇದೆಲ್ಲ ಎಂತಕ್ಕೆ, ಮಾವ್ಶಿ? ನಿಮಗೆ ಗೊತ್ತುಂಟಾ?"

"ಇಲ್ಲ."

"ಇಷ್ಟು ವರ್ಷ ಪಾದ್ರಿಗಳ ಹತ್ತಿರ ಇದ್ದು ಗೊತ್ತಿಲ್ವಾ?"

"ಯಾವ ಪಾದ್ರಿಗೆ ಉಪ್ಪು ಎಷ್ಟು ಬೇಕಂತ ಗೊತ್ತು."

ಪಾಯಸ ಎರಡು ಲೋಟ ಆಯಿತು. ನಾನು ನಿಂತು ಪ್ರಾರ್ಥನೆ ಹೇಳಿದೆ. ಅವಳು ಎದ್ದು ನಿಂತಳು, ಬಾಯಿ ಬಿಡಲಿಲ್ಲ. ಲೋಟ ಕೊಟ್ಟೆ. ತೆಗೆದುಕೊಂಡಳು, ಕುಡಿಯಲಿಲ್ಲ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಅದೇ ಮನೆಯಲ್ಲಿ ಇವಳ ಜೊತೆ ಇರುವ ಫಿಲಿಪೀನ್ಸಿನ ನರ್ಸು ಜೋಯ್, ಅವಳೂ ಡ್ಯೂಟಿಯಿಂದ ಬಂದವಳು. ಅವಳ ವಿಷಯ ನನಗೆ ನೆನಪೇ ಇರಲಿಲ್ಲ.

"ಮಾವ್ಶಿ, ಅವಳಿಗೆ ಕೊಡದೆ ಆಗುವುದಿಲ್ಲ," ಎಂದಳು ಫ್ಲಾವಿಯಾ. "ಅಮ್ಮ ಕೆಲಸದವರಿಗೇ ಮೊದಲು ಕೊಡ್ತಿದ್ದದ್ದು." ತನ್ನ ಲೋಟವನ್ನು ಜೋಯ್ ಕೈಗಿಟ್ಟು ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಜೋಯ್ ಶಿಲುಬೆಯ ಗುರುತು ಹಾಕಿಕೊಂಡು ಕುಡಿದಳು.

ನಾನು ಇನ್ನೊಂದು ಲೋಟ ತಂದು ನನ್ನದರಲ್ಲಿ ಅರ್ಧ ಅದಕ್ಕೆ ಹೊಯ್ದೆ.

"ಅದು ನಿಮ್ಮ ಪಾಲು, ಮಾವ್ಶಿ."

"ನೀನೀಗ ಎಂತ ಮಾಡಿದ್ದು? ನಿನ್ನ ಪಾಲು ತೆಗೆದು ಅವಳಿಗೆ ಕೊಟ್ಟೆ. ಯೇಸು ಮಾಡಿದ್ದೂ ಅದೇ, ರೊಟ್ಟಿ ಮುರಿದು ಕೊಟ್ಟದ್ದು. ಎಂತಕ್ಕೆ ಅಂತ ಕೇಳಿದೆಯಲ್ಲ, ಇದಕ್ಕೇ. ಬೇರೆ ಉತ್ತರ ನನಗೆ ಗೊತ್ತಿಲ್ಲ. ಬೇಗ ಕುಡಿ, ನನಗೆ ಕೂರಬೇಕು."

ನಿಂತಲ್ಲೇ ಕುಡಿದಳು. ಆಮೇಲೆ ಪಾತ್ರೆಯ ತಳವನ್ನು ಬೆರಳಿನಿಂದ ಬಳಿದು ನೆಕ್ಕಿದಳು, ಚಿಕ್ಕವಳಿದ್ದಾಗಿನ ಹಾಗೆ. ಈಗ ನಂಬಿಕೆ ಬಂತಾ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.

ಸಂಜೆ ಡ್ಯೂಟಿಗೆ ಹೋಗುವ ಮೊದಲು ನನ್ನನ್ನು ಬಸ್ಸಿಗೆ ಹತ್ತಿಸಲು ಬಂದಳು.

"ಬರುವ ವರ್ಷ ಅಂಚೆಯಲ್ಲೇ ಕಳಿಸಿ. ಜೋಯ್‌ಗೂ ಸೇರಿಸಿ."

"ಬದುಕಿದ್ದರೆ."

"ಬದುಕಿ," ಎಂದಳು, ನರ್ಸುಗಳು ಮಾತ್ರೆ ನುಂಗಲು ಹೇಳುವ ಧ್ವನಿಯಲ್ಲಿ.

ಕಿಟಕಿಯಿಂದ ನೋಡಿದೆ. ಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಬಸ್ಸಿನ ಕಡೆಗೆ ದಡಬಡ ನಡೆಯುತ್ತಿದ್ದಳು. ನನ್ನ ಮೊಣಕಾಲು ಬೆಳಿಗ್ಗೆಗಿಂತ ಹೆಚ್ಚು ನೋಯುತ್ತಿತ್ತು. ಊರಿಗೆ ಹೋದ ಕೂಡಲೇ ಹೊಸ ಪಾದ್ರಿಗಳಿಗೆ ಹೇಳಬೇಕು, ಬರುವ ವರ್ಷ ನಮ್ಮ ಮನೆಗೆ ಒಂದು ತೆನೆ ಹೆಚ್ಚು ಬೇಕು ಎಂದು.