ವರ್ಜೀನಿಯಾದ ಬಾರುಕೋಲು

ಪಠ್ಯಪುಸ್ತಕದಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ ಕೆಲವೇ ಪುಟ. ಎಲ್ಲ ಮನುಷ್ಯರೂ ಸಮಾನರು ಎಂದು ಸಾರಿದ ಮಹನೀಯರ ಹೊಲಗಳಲ್ಲಿ ದುಡಿಯುತ್ತಿದ್ದವರು ಯಾರು ಎಂಬುದಕ್ಕೆ ಒಂದು ಸಾಲೂ ಇಲ್ಲ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿ, ದಾವಣಗೆರೆಯಿಂದ ಬಸ್ಸು ಹತ್ತಿ ಹರಿಹರದ ಹೈಸ್ಕೂಲಿಗೆ ಪಾಠ ಹೇಳಲು ಬರುತ್ತಿದ್ದ ನನಗೆ ಅಂಥ ಪುಟ ಕಂಡರೆ ಎದುರಾಳಿ ಕಂಡ ಹಾಗೆ. ಎಂಬತ್ತರ ದಶಕದ ಆರಂಭದ ಮಾತಿದು.

ವರ್ಜೀನಿಯಾದಲ್ಲಿ ಗುಲಾಮನಾಗಿದ್ದವನೊಬ್ಬ ಬರೆದುಕೊಂಡ ಬದುಕಿನ ಕಥೆಯಿಂದ ಒಂದು ಪ್ರಸಂಗ ಆರಿಸಿ ಕನ್ನಡದಲ್ಲಿ ನಾಟಕ ಮಾಡಿದೆ. ಹುಡುಗರಿಂದಲೇ ಆಡಿಸಿ ಟೇಪ್ ರೆಕಾರ್ಡರಿನಲ್ಲಿ ಹಿಡಿಯುವುದು, ಆಮೇಲೆ ಇಡೀ ತರಗತಿಗೆ ಕೇಳಿಸುವುದು ನನ್ನ ಯೋಜನೆ. ಧಣಿಯ ಪಾತ್ರ ಹತ್ತಿರದ ಹಳ್ಳಿಯ ಗೌಡರ ಮಗನಿಗೆ. ಗುಲಾಮನ ಪಾತ್ರವನ್ನು ಅದೇ ಹಳ್ಳಿಯ ಇನ್ನೊಬ್ಬ ಹುಡುಗ ಕೇಳಿ ಪಡೆದ. ಅವನ ಅಪ್ಪ ಆ ಗೌಡರ ಮನೆಯಲ್ಲೇ ಜೀತಕ್ಕಿದ್ದ. ಅಣ್ಣ ಮಾತ್ರ ತಪ್ಪಿಸಿಕೊಂಡು ಬಂದು, ಗುತ್ತೂರಿನ ಕಡೆ ಹಮಾಲಿ ಮಾಡಿ ತಮ್ಮನನ್ನು ಓದಿಸುತ್ತಿದ್ದ. ಶಾಲೆಗೆ ಸೇರಿಸಿದ ದಿನ ಅಣ್ಣ ನನಗೆ ಹೇಳಿದ್ದ: "ಓದ್ಲಿಲ್ಲ ಅಂದ್ರೆ ಬಯ್ರಿ ಸಾರ್. ಮೈ ಮುಟ್ಟಬ್ಯಾಡ್ರಿ. ನಮ್ಮಪ್ಪಂದು ಬೆನ್ನು ನೋಡಿ ಸಾಕಾಗೈತೆ."

ಏಟಿನ ಸದ್ದಿಗೆ ಹತ್ತಿಕಾಳಿನ ಗೋಣಿಚೀಲದ ಮೇಲೆ ಎತ್ತಿನ ಬಾರುಕೋಲು ಬೀಸಿದೆವು. ಬರೀ ಧೂಳೆದ್ದಿತು.

"ಚೀಲ ಒದ್ದಿ ಮಾಡ್ರಿ ಸಾರ್, ಮೈಗೆ ಬಿದ್ದಂಗೆ ಕೇಳ್ತೈತೆ" ಎಂದ ಗೌಡರ ಮಗ.

ನಿನಗೆ ಹೆಂಗೆ ಗೊತ್ತು ಅಂದೆ. ಅವನು ಕೊಡ ತಂದು ಚೀಲದ ಮೇಲೆ ನೀರು ಸುರಿದ. ರೆಕಾರ್ಡ್ ಮಾಡುವಾಗ ನಾನು ಬರೆದಿದ್ದ ಸಭ್ಯ ಬೈಗುಳವನ್ನೂ ಬಿಟ್ಟು ತನ್ನದೇ ಹೇಳಿದ: "ಉಂಡ ರೊಟ್ಟಿ ನಿನ್ ಬೆನ್ನಾಗಿಂದ ತಗೀತೀನಲೇ." ನನ್ನದಕ್ಕಿಂತ ಚೆನ್ನಾಗಿತ್ತು. ಉಳಿಸಿಕೊಂಡೆ.

ಕೇಳಿಸುವ ದಿನ ಬಜಾರಿನ ಮೈಕ್‌ಸೆಟ್ ಅಂಗಡಿಯ ಸಾಹೇಬರು ಆಂಪ್ಲಿಫೈಯರ್ ತಂದು, ಹಾರ್ನನ್ನು ಅಂಗಳದ ಬೇವಿನ ಮರಕ್ಕೆ ರಸ್ತೆಯ ಕಡೆ ಮುಖ ಮಾಡಿ ಕಟ್ಟಿದರು. ಪಾಠ ಒಳಗೆ ನಡೆಯುತ್ತದೆ, ರಸ್ತೆಗೇಕೆ ಎಂದು ವಾದಿಸಿದೆ.

"ಒಳಗಿಟ್ರೆ ಮಕ್ಕಳ ಕಿವಿ ಹೋಗ್ತಾವ್ರಿ ಮಾಸ್ತರ್ರೆ. ಮದ್ವಿ ಇರ್ಲಿ, ಉರುಸ್ ಇರ್ಲಿ, ಹಾರ್ನ್ ರಸ್ತೆ ಕಡಿಗೇ. ಅದು ರಿವಾಜು."

ಕಿವಿಯ ವಿಷಯದಲ್ಲಿ ಅವರ ವಾದ ಗಟ್ಟಿಯಿತ್ತು. ಟೇಪು ಹಾಕಿದೆವು. ವರ್ಜೀನಿಯಾದ ಹೊಗೆಸೊಪ್ಪಿನ ಹೊಲದಲ್ಲಿ ಏಟು ಬೀಳತೊಡಗಿತು. "ಹೊಡೀಬ್ಯಾಡ್ರಿ ಧಣಿ, ಸಾಯ್ತೀನಿ" ಎಂಬ ಕೂಗು ಮರದಿಂದ ಬೀದಿಗೆ ಹೋಯಿತು.

ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಬರುತ್ತಿದ್ದ ಅಣ್ಣನಿಗೆ ಕೇಳಿಸಿದ್ದು ತಮ್ಮನ ಗಂಟಲು, ಗೌಡರ ಮಗನ ಗಂಟಲು. ಬಾಗಿಲು ಒದ್ದು ಒಳಗೆ ಬಂದ. ಮೇಜಿನ ಮೇಲೆ ಬಾರುಕೋಲು ಇತ್ತು. ಅದನ್ನು ತಿರುಗಿಸಿ ಹಿಡಿದು, ಕೋಲಿನ ಕಡೆಯಿಂದ ಗೌಡರ ಮಗನ ಮುಖಕ್ಕೆ ಬಾರಿಸಿದ. ತುಟಿ ಸೀಳಿತು, ಹಲ್ಲು ಬಿತ್ತು. ಎರಡನೆಯದು ಕಿವಿಯ ಮೇಲೆ. ಹುಡುಗ ಬೆಂಚಿನ ಕೆಳಗೆ ನುಸುಳಿದರೆ ಕಾಲು ಹಿಡಿದೆಳೆದು ಸೊಂಟಕ್ಕೆ ಒದ್ದ. ಅಡ್ಡ ಹೋದ ನನ್ನ ಮಣಿಕಟ್ಟಿಗೆ ಬಿದ್ದ ಏಟಿಗೆ ಕೈ ಮರಗಟ್ಟಿತು. ತಮ್ಮ ಅವನ ತೋಳಿಗೆ ಜೋತುಬಿದ್ದು "ಟೇಪಣ್ಣ ಅದು, ನಾ ಇಲ್ಲೇ ಅದೀನಿ ನೋಡು" ಎನ್ನುತ್ತಿದ್ದ. ಆದರೆ ಹೊರಗೆ ಅದೇ ದನಿ ಸಾಯ್ತೀನಿ ಎಂದು ಕೂಗುತ್ತಲೇ ಇತ್ತು. ಅಣ್ಣ ಯಾವುದನ್ನು ನಂಬಬೇಕು? ಸಾಹೇಬರು ವೈರು ಕಿತ್ತ ಮೇಲೆ ಅವನ ಕೈ ನಿಂತಿತು. ಗೋಡೆಯ ಮೇಲೆ ರಕ್ತ ಹಾರಿತ್ತು.

ಮರುದಿನ ಗೌಡರು ಇಬ್ಬರು ಆಳುಗಳ ಜೊತೆ, ತುಟಿಗೆ ಹೊಲಿಗೆ ಹಾಕಿಸಿಕೊಂಡ ಮಗನನ್ನು ಕರೆದುಕೊಂಡು ಹೆಡ್‌ಮಾಸ್ತರರ ಕೋಣೆಗೆ ಬಂದರು.

"ಆ ಹುಡುಗಗೆ ಟೀಸಿ ಕೊಟ್ಟು ಕಳಸ್ರಿ. ಅಣ್ಣನ್ನ ಪೊಲೀಸ್ರು ನೋಡ್ಕಂತಾರೆ. ಅಪ್ಪನ್ನ ನಾ ನೋಡ್ಕಂತೀನಿ."

ಹೆಡ್‌ಮಾಸ್ತರರು ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

"ಕಂಪ್ಲೇಂಟ್ ಕೊಡ್ರಿ ಗೌಡ್ರೆ" ಅಂದೆ. "ಜಗಳ ಯಾಕಾತು ಅಂತ ಠಾಣೆಯಾಗ ಮೊದ್ಲು ಕೇಳ್ತಾರೆ. ಟೇಪು ಹಾಕ್ಬೇಕಾಗ್ತೈತೆ. ಒಂದ್ಸಲ ನೀವೂ ಕೇಳಿಬಿಡ್ರಿ."

ಹಾಕಿದೆ. ರೊಟ್ಟಿಯ ಮಾತು ಬಂದಾಗ ಆಳುಗಳಿಬ್ಬರೂ ಗೌಡರ ಮುಖ ನೋಡಿದರು. ಗೌಡರು ಮಗನ ಮುಖ ನೋಡಿದರು.

"ಇದನ್ನ ಯಾರು ಬರೆದಿದ್ದು?"

"ನಾನಲ್ಲ. ನಿಮ್ಮ ಮನಿಯಿಂದ ಬಂದಿದ್ದು."

ಗೌಡರ ಕೈ ಮಗನ ತುಟಿಯ ಹೊಲಿಗೆಯ ಮೇಲೇ ಬಿತ್ತು. ರಕ್ತ ಗಲ್ಲಕ್ಕೆ ಇಳಿಯಿತು. ಹುಡುಗ ಅಳಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

"ಜೀತ ಇಟ್ಕಳ್ಳೋದು ಕಾನೂನಿಗೆ ವಿರುದ್ಧ ಗೌಡ್ರೆ" ಅಂದೆ. " ಮೊದ್ಲ ಕೇಸು ಯಾರ ಮ್ಯಾಲೆ ಆಗ್ತೈತೆ, ನೀವೇ ಹೇಳ್ರಿ."

ಗೌಡರು ಕ್ಯಾಸೆಟ್ ಕಿತ್ತು, ರೀಲು ಎಳೆದು, ಚಪ್ಪಲಿ ಕಾಲಿನಲ್ಲಿ ಪುಡಿ ಮಾಡಿದರು. "ಇನ್ನೊಂದು ಐತೇನು?"

ಇರಲಿಲ್ಲ. ನಾನು ಉತ್ತರ ಕೊಡದೆ ಅವರನ್ನೇ ನೋಡುತ್ತ ನಿಂತೆ. ವೇದಿಕೆಯ ಮೇಲೆ ಕಲಿತದ್ದರಲ್ಲಿ ಅಂದು ನಿಜವಾಗಿ ಉಪಯೋಗಕ್ಕೆ ಬಂದದ್ದು ಅದೊಂದೇ. ಅವರು ಎದ್ದು ಹೋದರು. ಹೆಡ್‌ಮಾಸ್ತರರು ಟೀಸಿ ಪುಸ್ತಕ ಮುಚ್ಚಿ, ಟೇಪ್ ರೆಕಾರ್ಡರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು.

"ಇನ್ನು ಬಾಯಿಲೇ ಪಾಠ ಮಾಡ್ರಿ."

ಆ ವಾರವೇ ಅಣ್ಣ ಹೋಗಿ ಅಪ್ಪನನ್ನು ಕರೆತಂದ. ಗೌಡರ ಮನೆಯಲ್ಲಿ ಯಾರೂ ತಡೆಯಲಿಲ್ಲವಂತೆ. ಅಣ್ಣ ಪಾಳಿಗೆ ಹೋದ ಮೇಲೆ ಮುದುಕ ಒಬ್ಬನೇ ಖೋಲಿಯಲ್ಲಿರಲಾಗದೆ ಶಾಲೆಯ ಜಗುಲಿಗೆ ಬಂದು ಕೂರುತ್ತಿದ್ದ. ಒಂದು ದಿನ ನಾನು ಬಾಯಿಮಾತಿನಲ್ಲೇ ಅಮೆರಿಕದ ಪಾಠ ಮುಂದುವರಿಸುತ್ತಿದ್ದಾಗ ತಮ್ಮ ಎದ್ದು ನಿಂತ.

"ಸಾರ್, ಅಪ್ಪ ಒಳಗ ಬರಬೌದಾ?"

"ಬರ್ರಿ, ಕೂಡ್ರಿ" ಅಂದೆ. ಮುದುಕ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತ. ಗಂಟೆ ಹೊಡೆಯುವವರೆಗೂ ಗೋಡೆಗೆ ಬೆನ್ನು ಒರಗಿಸಲಿಲ್ಲ.