‘ವಿಯರ್ಡ್’ ಅಂದರು, ಕಲ್ಲು ಎತ್ತಿದರು

ಸಿಟ್ಟಿನಿಂದಲೇ ಶುರು ಮಾಡುತ್ತೇನೆ. ಈ ಇಡೀ ಪ್ರಸಂಗದಲ್ಲಿ ನನಗೆ ಖಾತ್ರಿಯಿರುವುದು ಅದೊಂದೇ. ಉಳಿದದ್ದೆಲ್ಲ ನೆನಪು. ನಮ್ಮ ಮನೆಯವರ ನೆನಪು ಎಷ್ಟು ನಂಬಿಕೆಗೆ ಅರ್ಹ ಅನ್ನುವುದನ್ನು ಮುಂದೆ ನೀವೇ ನೋಡಿ.

ಯಲಹಂಕದ ಆಚೆ ನಮಗೊಂದು ಹೊಲವಿತ್ತು. ಅದನ್ನು ಬಿಲ್ಡರಿಗೆ ಕೊಟ್ಟು, ಮೇಲೆದ್ದ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಪಾಲಿನ ಮನೆಗಳನ್ನು ತೆಗೆದುಕೊಂಡೆವು. ನಮ್ಮಲ್ಲಿ ಸತ್ತವರನ್ನು ಸ್ವಂತ ಹೊಲದಲ್ಲೇ ಹೂಳುತ್ತಾರೆ. ಅಪ್ಪನನ್ನೂ ಹಾಗೇ ಹೂತಿದ್ದೆವು, ತೆಂಗಿನಮರದ ಪಕ್ಕ, ಮೇಲೊಂದು ಚಪ್ಪಡಿ ಕಲ್ಲು. ಕಲ್ಲು ಮುಟ್ಟುವುದಿಲ್ಲ ಎಂದು ಬಿಲ್ಡರ್ ಮಾತು ಕೊಟ್ಟಿದ್ದ. ಆಮೇಲೆ ನೆಲಮಾಳಿಗೆಗೆ ಕಾರು ಇಳಿಯುವ ರ‍್ಯಾಂಪ್ ಅಡ್ಡ ಬಂತು. ಮರ ಹೋಯಿತು, ಕಲ್ಲು ‘ಸ್ವಲ್ಪ’ ಸರಿಯಿತು. ಎಷ್ಟು ಸ್ವಲ್ಪ? ಗೋಡೆಯ ಕಡೆಗೆ ಎರಡು ಮಾರು ಅನ್ನುತ್ತಾನೆ ಅಣ್ಣ. ಗೇಟಿನ ಕಡೆಗೆ ಅನ್ನುತ್ತೇನೆ ನಾನು. ಅಪ್ಪ ರ‍್ಯಾಂಪಿನ ಕೆಳಗೇ ಇದ್ದಾರೆ ಅನ್ನುತ್ತಾಳೆ ಅಮ್ಮ. ಮೂವರ ನೆನಪಿನಲ್ಲಿ ಅವರು ಮೂರು ಕಡೆ ಮಲಗಿದ್ದಾರೆ. ಆದರೂ ಪಿತೃಪಕ್ಷದ ಅಮಾವಾಸ್ಯೆಗೆ ಅಮ್ಮ ಆ ಕಲ್ಲಿನ ಮುಂದೆಯೇ ಎಡೆ ಇಡುತ್ತಿದ್ದಳು: ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ, ಲೋಟದಲ್ಲಿ ಬ್ರಾಂದಿ.

ಈ ವರ್ಷ ಅಮಾವಾಸ್ಯೆಗೆ ಮೊದಲಿನ ಭಾನುವಾರ ಅಸೋಸಿಯೇಷನ್ ಮೀಟಿಂಗ್ ಇತ್ತು. ಕಾರು ಚಾರ್ಜ್ ಮಾಡಲು ಜಾಗ ಬೇಕಂತೆ, ಕಲ್ಲು ತೆಗೆಯಬೇಕಂತೆ. ಮೂರನೇ ಮಹಡಿಯ ಹೆಂಗಸು ನಗುತ್ತಲೇ ಹೇಳಿದರು, “ತಪ್ಪು ತಿಳ್ಕೋಬೇಡಿ, ಬಟ್ ಇಟ್ಸ್ ವಿಯರ್ಡ್, ಅಲ್ವಾ? ಕೆಳಗಡೆ ಮಕ್ಳು ಸೈಕಲ್ ಹೊಡೀತಿರ್ತಾರೆ, ಪಕ್ಕದಲ್ಲೇ ಬ್ರಾಂದಿ, ಬೀಡಿ...”

ಹುಬ್ಬಳ್ಳಿ ಕಡೆಯ ಸೆಕ್ರೆಟರಿ ದನಿಗೂಡಿಸಿದರು. “ನಮ್ಮ ಕಡೆನೂ ಹೊಲದಾಗ ಗೋರಿ ಅದಾವ್ರಿ ಸರ. ಇಲ್ಲಂತ ಯಾರಂದ್ರು? ಆದ್ರ ಪಾರ್ಕಿಂಗ್‌ನ್ಯಾಗ ಯಾರೂ ಇಟ್ಕೊಂಡಿಲ್ರಿ.”

“ಗೋರಿ ಪಾರ್ಕಿಂಗ್‌ಗೆ ಬಂದಿಲ್ಲ ಗುರು, ಪಾರ್ಕಿಂಗೇ ಗೋರಿಗೆ ಬಂದಿರೋದು,” ಅಂದ ಅಣ್ಣ. ಎಲ್ಲರೂ ನಕ್ಕರು. ನಗಿಸಬೇಕೆಂದು ಅವನು ಹೇಳಿರಲಿಲ್ಲ.

ಅಮ್ಮ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. “ಏನಂತಾಳೆ ಆ ಯಮ್ಮ?” ಎಂದು ಕೇಳಿದಳು.

ಅಲ್ಲಿ ನಾನು ಬಾಯಿ ಬಿಟ್ಟೆ. ನಾನು ಆರ್.ಟಿ. ನಗರದ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುವವನು. ಅಮ್ಮನಿಗೆ ಉತ್ತರ ಹೇಳುವುದನ್ನು ಬಿಟ್ಟು ಸಭೆಗೆ ಪಾಠ ಶುರು ಮಾಡಿದೆ. ವಿಯರ್ಡ್ ಅನ್ನುವ ಪದಕ್ಕೆ ಮೊದಲು ವಿಚಿತ್ರ ಎಂಬ ಅರ್ಥ ಇರಲಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದೊಂದು ನಾಮಪದ. ಆಗಿಯೇ ತೀರುವುದು, ವಿಧಿ, ನಮ್ಮ ಹಣೆಬರಹ. ಮುಂದೆ ಬಳಕೆ ತಪ್ಪಿ ಸ್ಕಾಟ್ಲೆಂಡಿನ ಕಡೆ ಮಾತ್ರ ಉಳಿದುಕೊಂಡಿತು. ವಿಧಿಯನ್ನು ಬಲ್ಲ ಹೆಂಗಸರನ್ನು ಆ ಪದದಿಂದ ಕರೆದರು. ಆ ಹೆಂಗಸರನ್ನು ನಾಟಕದವರು ವಿಕಾರ ಮಾಡಿ ತೋರಿಸಿದರು, ಪದವೂ ವಿಕಾರದ ಕಡೆಗೆ ವಾಲಿತು. ಬರಬರುತ್ತಾ ತನಗೆ ಅಭ್ಯಾಸವಿಲ್ಲದ್ದನ್ನು ದೂರ ತಳ್ಳಲು ಯಾರು ಬೇಕಾದರೂ ಎತ್ತಿಕೊಳ್ಳುವ ಕಡ್ಡಿಯಾಯಿತು.

ಸಭೆ ಚಪ್ಪಾಳೆ ಹೊಡೆಯಿತು. “ಸೋ ಇಂಟರೆಸ್ಟಿಂಗ್ ಸರ್! ಗ್ರೂಪ್‌ಗೆ ಹಾಕಿ, ಪ್ಲೀಸ್,” ಅಂದರು ಮೂರನೇ ಮಹಡಿಯ ಹೆಂಗಸು. ಆಮೇಲೆ ಕೈ ಎತ್ತಿಸಿ, ಕಲ್ಲನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಸಾಗಿಸುವುದು ಎಂದು ತೀರ್ಮಾನಿಸಿದರು. ಮೈ ಉರಿದುಹೋಯಿತು. ಬೈದಿದ್ದರೆ ವಾಪಸ್ ಬೈಯಬಹುದಿತ್ತು. ಮೆಚ್ಚಿಕೊಂಡರೆ ಏನು ಮಾಡುವುದು? ಪದದ ಚರಿತ್ರೆಯನ್ನು ಅವರು ಚಹಾದ ಜೊತೆ ಬಿಸ್ಕತ್ತಿನಂತೆ ತಿಂದು ಮುಗಿಸಿದರು. ಆ ಚರಿತ್ರೆಯ ಮೇಲೂ ನನಗೆ ಸಿಟ್ಟು. ಅಷ್ಟು ಅಚ್ಚುಕಟ್ಟಾಗಿ ಒಂದು ಪದ ಹುಟ್ಟಿ ಬೆಳೆದು ಕೆಡಲು ಸಾಧ್ಯವೇ? ಅದೂ ಯಾರೋ ನಂತರ ಕೂತು ಒಪ್ಪವಾಗಿ ಜೋಡಿಸಿದ ನೆನಪೇ ಇರಬೇಕು.

ಅಮ್ಮ ಲಿಫ್ಟಿನಲ್ಲಿ ಮತ್ತೆ ಕೇಳಿದಳು, “ಏನಂದ್ಳು?”

“ಇದೆಲ್ಲಾ ವಿಚಿತ್ರ ಅಂತೆ ಕಣಮ್ಮ. ಕಲ್ಲು ತೆಗೀತಾರೆ.”

“ತೆಗುದ್ರೆ ತೆಗೀಲಿ. ನಿಮ್ಮಪ್ಪ ಕಲ್ಲಿನಾಗೌರಾ? ಉಣ್ಣಕ್ಕೆ ಇಕ್ದೆ ಇರಾಕಾಯ್ತದಾ?”

ಅಮಾವಾಸ್ಯೆಯ ಸಂಜೆ ಕೆಳಗಿಳಿದಾಗ ಕಲ್ಲಿನ ಜಾಗದಲ್ಲಿ ಹಸಿ ಸಿಮೆಂಟಿತ್ತು. ಅಣ್ಣ ಸೆಕ್ರೆಟರಿಗೆ ಫೋನು ಮಾಡಿ ಗೇಟಿನ ಹತ್ತಿರ ಕಿರುಚಾಡುತ್ತಿದ್ದ. ಟ್ಯಾಂಕಿನ ಹಿಂದೆ ಹೋಗೋಣ ಅಂದೆ. ಅಮ್ಮ ನನ್ನ ಕಡೆ ನೋಡಲೂ ಇಲ್ಲ. ಸೊಂಟದ ಮೇಲಿನ ಮೊರ ಸರಿಪಡಿಸಿಕೊಂಡು ರ‍್ಯಾಂಪಿನ ಬಾಯಿಗೆ ನಡೆದಳು. ನಡುಮಧ್ಯ ನೀರು ಚಿಮುಕಿಸಿ, ಬಾಳೆ ಎಲೆ ಹಾಸಿ, ಮುದ್ದೆ ಇಟ್ಟಳು. ಅದೇ ಜಾಗವೋ ಅಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮನಿಗೆ ಗೊತ್ತಿತ್ತು ಎಂದೂ ನಾನು ಹೇಳಲಾರೆ.

ಅಷ್ಟರಲ್ಲಿ ಹೆಬ್ಬಾಳದ ಟ್ರಾಫಿಕ್ಕಿನಲ್ಲಿ ನರಳಿ ಬಂದ ಕಾರೊಂದು ಗೇಟು ದಾಟಿ ಎಡೆಯ ಮುಂದೆ ನಿಂತಿತು. ಮೂರನೇ ಮಹಡಿಯವರು. ಹಾರ್ನ್ ಹೊಡೆದರು. ಹಿಂದೆ ಇನ್ನೆರಡು ಕಾರು, ಅವುಗಳದ್ದೂ ಹಾರ್ನ್. ಆಕೆ ಗಾಜು ಇಳಿಸಿದರು.

“ಸರ್, ಎಷ್ಟೊತ್ತಾಗುತ್ತೆ?”

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಬೀಡಿ ಹಚ್ಚಿ ಎಲೆಯ ಪಕ್ಕಕ್ಕಿಡುತ್ತಾ ಹೇಳಿದಳು, “ಉಂಡಾಗೋ ಗಂಟ.”

ಆಮೇಲೆ ನನ್ನ ತೋಳು ಹಿಡಿದೆಳೆದಳು. ಸತ್ತವರು ಉಣ್ಣುವಾಗ ನಾವು ನೋಡಬಾರದು. ಎಡೆಗೆ ಬೆನ್ನು ಮಾಡಿ ನಿಲ್ಲಬೇಕು. “ತಿರೀಕ್ಕಳ್ಳಾ,” ಅಂದಳು. ಇಬ್ಬರೂ ತಿರುಗಿದೆವು. ಹಾಗೆ ತಿರುಗಿದರೆ ಎದುರಿಗಿದ್ದದ್ದು ಕಾರು. ಹೆಡ್‌ಲೈಟು ಕಣ್ಣಿಗೆ ಹೊಡೆಯಿತು, ಹಾರ್ನು ಎದೆಗೆ. ಅಮ್ಮ ಸೆರಗು ಹೊದ್ದು, ಆಕೆಯ ಮುಖವನ್ನೇ ನೋಡುತ್ತಾ ನಿಂತಳು. ನಾನೂ ಕದಲಲಿಲ್ಲ. ಬೆನ್ನ ಹಿಂದೆ ಬೀಡಿಯ ವಾಸನೆ ನಿಧಾನವಾಗಿ ಏಳುತ್ತಿತ್ತು.

ಕಡೆಗೆ ಆಕೆ ಎಂಜಿನ್ ಆರಿಸಿದರು.